ಮೂರನೆಯ ಆಷಾಢ ದಾಟುವುದು ಹೇಗೆ?

ಸೌಂದರ್ಯದ ವಿಷಯದಲ್ಲಿ ಕರ್ನಾಟಕ ಎರಡು ಬಾರಿ ಗಟ್ಟಿಯಾಗಿಯೇ ಜಗಳವಾಡಿದೆ. ಮೊದಲನೆಯದು 1996ರಲ್ಲಿ. ಆ ವರ್ಷದ ನವೆಂಬರ್ 23ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ವಿಶ್ವಸುಂದರಿ ಸ್ಪರ್ಧೆಯನ್ನು ರೈತ ಸಂಘ, ಮಹಿಳಾ ಸಂಘಟನೆಗಳು ಮತ್ತು ಸಂಸ್ಕೃತಿ ರಕ್ಷಣೆಯ ಮಾತನಾಡುವವರು ತಮ್ಮ ತಮ್ಮ ಕಾರಣಗಳಿಗಾಗಿ ವಿರೋಧಿಸಿದರು. ಈಜುಡುಗೆಯ ಸುತ್ತನ್ನು ಸಂಘಟಕರು ಸೇಶೆಲ್ಸ್ ದ್ವೀಪದಲ್ಲಿ ನಡೆಸಬೇಕಾಯಿತು. ಎರಡನೆಯದು 2025ರ ಮೇ ತಿಂಗಳಲ್ಲಿ. ಮೈಸೂರು ಸ್ಯಾಂಡಲ್ ಸಾಬೂನಿನ ಪ್ರಚಾರಕ್ಕೆ ನಟಿ ತಮನ್ನಾ ಭಾಟಿಯಾ ಅವರನ್ನು 6.20 ಕೋಟಿ ರೂಪಾಯಿಗೆ ನೇಮಿಸಿಕೊಂಡಾಗ, 1916ರಷ್ಟು ಹಿಂದೆ ಆರಂಭವಾದ ನಮ್ಮ ಸಾಬೂನಿಗೆ ಕನ್ನಡದ ಮುಖವೇ ಸಿಗಲಿಲ್ಲವೇ ಎಂಬ ಆಕ್ಷೇಪ ಎದ್ದಿತು.

ಎರಡೂ ಜಗಳಗಳಲ್ಲಿ ಹುರುಳಿತ್ತು. ಆದರೆ ಎರಡೂ ಸಲ ಮಾತು ಸುತ್ತಿದ್ದು ಮುಖದ ಸುತ್ತಲೇ. ಮುಖವನ್ನು ತಿದ್ದುವ ಕೈಗಳ ಪ್ರಶ್ನೆ ಚರ್ಚೆಗೆ ಬಂದದ್ದು ನನಗೆ ನೆನಪಿಲ್ಲ. ಈ ಲೇಖನ ಆ ಕೈಗಳ ಬಗ್ಗೆ.

ಜಯನಗರ ನಾಲ್ಕನೇ ಬ್ಲಾಕಿನಿಂದ ಹೊರಟು ಬನಶಂಕರಿ ಎರಡನೇ ಹಂತ, ಜೆ.ಪಿ. ನಗರ, ಬಿಟಿಎಂ ಬಡಾವಣೆಗಳನ್ನು ಒಂದು ಸುತ್ತು ಹಾಕಿದರೆ ಈ ಉದ್ಯಮದ ಮೂರು ಪದರಗಳು ಕಾಣುತ್ತವೆ. ಮುಖ್ಯರಸ್ತೆಗಳಲ್ಲಿ ಗಾಜಿನ ಮುಂಭಾಗದ ಸರಣಿ ಸಲೂನುಗಳಿವೆ. 1952ರಲ್ಲಿ ಟಾಟಾ ಸಮೂಹ ಹುಟ್ಟುಹಾಕಿದ ಲ್ಯಾಕ್ಮೆ, 2000ದಲ್ಲಿ ಚೆನ್ನೈನಲ್ಲಿ ಆರಂಭವಾದ ನ್ಯಾಚುರಲ್ಸ್ ಮೊದಲಾದ ಹೆಸರುಗಳು ಇಂತಹ ಸರಣಿಗಳಿಂದ ದೇಶದಾದ್ಯಂತ ಪರಿಚಿತವಾಗಿವೆ. ಅಡ್ಡರಸ್ತೆಗಳಲ್ಲಿ ಮನೆಯ ಕಾರ್ ಶೆಡ್ಡನ್ನೋ ಮಹಡಿಯ ಒಂದು ಕೋಣೆಯನ್ನೋ ಬಾಡಿಗೆಗೆ ಪಡೆದು, ಬಾಗಿಲಿಗೆ ಪರದೆ ಇಳಿಬಿಟ್ಟು 'ಮಹಿಳೆಯರಿಗೆ ಮಾತ್ರ' ಎಂದು ಬರೆಸಿಕೊಂಡ ಪಾರ್ಲರುಗಳಿವೆ. ಮೂರನೆಯ ಪದರಕ್ಕೆ ಬೋರ್ಡಿಲ್ಲ. ಮೊಬೈಲಿನಲ್ಲಿ ಬಂದ ಕರೆಗೆ ಓಗೊಟ್ಟು, ಸ್ಕೂಟರಿನ ಮೇಲೆ ದೊಡ್ಡ ಚೀಲವಿಟ್ಟುಕೊಂಡು ಮನೆಮನೆಗೆ ಹೋಗುವ ಹೆಣ್ಣುಮಕ್ಕಳದು ಅದು.

ಇವುಗಳ ಜೊತೆಯಲ್ಲೇ, ಇವೆಲ್ಲಕ್ಕಿಂತ ಹಳೆಯದಾದ, ಸವಿತಾ ಸಮಾಜದವರು ತಲೆಮಾರುಗಳಿಂದ ನಡೆಸಿಕೊಂಡು ಬಂದ ಕ್ಷೌರದಂಗಡಿಗಳಿವೆ. ಜಾತಿಯ ಕಾರಣಕ್ಕೆ ಸಮಾಜ ಕೀಳಾಗಿ ಕಂಡಿದ್ದ ಕಸುಬು ಹವಾನಿಯಂತ್ರಿತ ಕೋಣೆಗೆ ಬಂದು 'ಹೇರ್ ಸ್ಟೈಲಿಂಗ್' ಎನಿಸಿಕೊಂಡ ಮೇಲೆ ಬಂಡವಾಳ ಹೂಡಲು ಎಲ್ಲ ಜಾತಿಯವರೂ ಮುಂದೆ ಬಂದರು. ಕಸುಬಿನ ಗೌರವ ಹೆಚ್ಚಿದ್ದು ಸಂತೋಷವೇ. ಆದರೆ ಅದರ ಲಾಭ ಹಳೆಯ ಕಸುಬುದಾರರಿಗೆ ಎಷ್ಟು ದಕ್ಕಿತು ಎಂದು ಕೇಳಿಕೊಳ್ಳಬೇಕು.

ಈ ಕುರ್ಚಿಗಳ ಹಿಂದೆ ನಿಂತವರು ಯಾರು? ಸುತ್ತಲಿನ ತಾಲ್ಲೂಕುಗಳಿಂದ ಬಂದವರು, ನಗರದ ಕೆಳಮಧ್ಯಮ ವರ್ಗದ ಗೃಹಿಣಿಯರು, ಮಣಿಪುರ, ಮಿಜೋರಾಂ, ನಾಗಾಲ್ಯಾಂಡ್‌ಗಳಿಂದ ಬಂದ ಯುವಕ ಯುವತಿಯರು. 2012ರ ಆಗಸ್ಟ್‌ನಲ್ಲಿ ವದಂತಿಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಗುವಾಹಟಿಯ ವಿಶೇಷ ರೈಲುಗಳನ್ನು ಹತ್ತಿದಾಗಲೇ, ನಮ್ಮ ಹೋಟೆಲು, ಸಲೂನು, ಕಾವಲು ಕೆಲಸಗಳೆಲ್ಲ ಯಾರ ಹೆಗಲ ಮೇಲಿವೆ ಎಂಬುದು ಈ ನಗರಕ್ಕೆ ಅರಿವಾದದ್ದು.

ಈ ವೃತ್ತಿಯಲ್ಲಿ ಬಹಳ ವರ್ಷ ದುಡಿದ, ನಮ್ಮ ಬಡಾವಣೆಯ ಹೆಣ್ಣುಮಗಳೊಬ್ಬರು ಒಮ್ಮೆ ನನಗೆ ಹೇಳಿದ ಮಾತು ಇದು: "ಸರ್, ಪಾರ್ಲರ್ ತೆಗೆಯೋದು ಕಷ್ಟ ಅಲ್ಲ. ಮೂರನೇ ಆಷಾಢ ದಾಟೋದು ಕಷ್ಟ." ಅರ್ಥಶಾಸ್ತ್ರ ಓದಿದ ನನಗೆ ಒಂದು ಇಡೀ ಅಧ್ಯಾಯದ ಸಾರ ಅದರಲ್ಲಿ ಕಂಡಿತು.

ಆಷಾಢದಲ್ಲಿ ನಮ್ಮಲ್ಲಿ ಮದುವೆಗಳಿಲ್ಲ. ವಧುವಿನ ಅಲಂಕಾರ, ಮದರಂಗಿ, ಮೊಗ್ಗಿನ ಜಡೆ, ಸೀರೆ ಉಡಿಸುವ ಕೆಲಸ ಎಲ್ಲವೂ ನಿಲ್ಲುತ್ತವೆ. ಶ್ರಾವಣ ಬಂದು ವರಮಹಾಲಕ್ಷ್ಮಿ ಹಬ್ಬ ಹತ್ತಿರವಾದಾಗ ಮತ್ತೆ ಬಾಗಿಲಲ್ಲಿ ಜನ. ಬಾಡಿಗೆ, ಸಂಬಳ, ಸಾಲದ ಕಂತುಗಳಿಗೆ ಮಾತ್ರ ಪಂಚಾಂಗ ಗೊತ್ತಿಲ್ಲ. ಮೊದಲ ಆಷಾಢವನ್ನು ಸಾಲದ ಹಣದಲ್ಲಿ ಉಳಿದದ್ದು ದಾಟಿಸುತ್ತದೆ. ಎರಡನೆಯದನ್ನು ಅಡವಿಟ್ಟ ಒಡವೆ ದಾಟಿಸುತ್ತದೆ. ಮೂರನೆಯದು ಬರುವ ಹೊತ್ತಿಗೆ ಹೊಸ ಸಾಲ ಹುಟ್ಟುವುದಿಲ್ಲ, ಕುರ್ಚಿ ಹರಿದಿರುತ್ತದೆ, ಕಲಿಸಿ ಬೆಳೆಸಿದ ಹುಡುಗಿ ಸಾವಿರ ರೂಪಾಯಿ ಹೆಚ್ಚು ಕೊಡುವ ಕಡೆಗೆ ಹೋಗಿರುತ್ತಾಳೆ. ಅಡ್ಡರಸ್ತೆಯ ಬೋರ್ಡುಗಳು ಬದಲಾಗುತ್ತಲೇ ಇರುವುದರ ಗುಟ್ಟು ಇದು.

ಅಮೆರಿಕದ ಅರ್ಥಶಾಸ್ತ್ರಜ್ಞರಾದ ವಿಲಿಯಂ ಬಾಮೋಲ್ ಮತ್ತು ವಿಲಿಯಂ ಬೋವೆನ್ 1960ರ ದಶಕದಲ್ಲಿ ಒಂದು ಸರಳ ಸತ್ಯವನ್ನು ಎತ್ತಿ ತೋರಿದರು. ಬೀಥೋವನ್‌ನ ಕಾಲದಲ್ಲಿ ನಾಲ್ವರು ವಾದಕರ ಕೃತಿಯೊಂದನ್ನು ನುಡಿಸಲು ಎಷ್ಟು ಜನ, ಎಷ್ಟು ಹೊತ್ತು ಬೇಕಿತ್ತೋ ಇಂದೂ ಅಷ್ಟೇ ಬೇಕು. ಕಾರ್ಖಾನೆಯಲ್ಲಿ ಯಂತ್ರ ಬಂದು ಉತ್ಪಾದಕತೆ ಹತ್ತು ಪಟ್ಟು ಏರಬಹುದು, ಕೈಯಿಂದಲೇ ಆಗಬೇಕಾದ ಸೇವೆಯಲ್ಲಿ ಏರುವುದಿಲ್ಲ. ದಾರ ಹಿಡಿದು ಹುಬ್ಬು ತಿದ್ದುವುದಕ್ಕೆ ನಲವತ್ತು ವರ್ಷಗಳ ಹಿಂದೆ ಹಿಡಿಯುತ್ತಿದ್ದ ಸಮಯವೇ ಇಂದೂ ಹಿಡಿಯುತ್ತದೆ.

ಒಂದು ಲೆಕ್ಕ ಹಾಕೋಣ. ಹುಬ್ಬು ತಿದ್ದಲು ಹತ್ತು ನಿಮಿಷ, ದರ 70 ರೂಪಾಯಿ ಎಂದಿಟ್ಟುಕೊಳ್ಳಿ. ಉಸಿರಾಡಲೂ ಬಿಡುವಿಲ್ಲದೆ ದುಡಿದರೂ ಗಂಟೆಗೆ 420 ರೂಪಾಯಿ. ಆದರೆ ಗಿರಾಕಿಗಳು ಬರುವುದು ಶನಿವಾರ, ಭಾನುವಾರ. ಉಳಿದ ದಿನಗಳಲ್ಲಿ ಕುರ್ಚಿ ಬಹುಪಾಲು ಖಾಲಿ. ಬಾಮೋಲ್ ಸಿದ್ಧಾಂತದಂತೆ ಇತರ ಕ್ಷೇತ್ರಗಳ ವೇತನ ಏರಿದಾಗ ಇಂತಹ ಸೇವೆಗಳ ಕೂಲಿಯೂ ಹಿಂಬಾಲಿಸಿ ಏರಬೇಕು. ಸಾಫ್ಟ್‌ವೇರ್ ಸಂಬಳಗಳ ದಕ್ಷಿಣ ಬೆಂಗಳೂರಿನಲ್ಲಿ ಸೇವೆಯ ದರ ಏರಿದೆ, ನಿಜ. ಆ ಏರಿಕೆಯ ದೊಡ್ಡ ಪಾಲು ಮಾತ್ರ ದಾರ ಹಿಡಿದ ಕೈಗೆ ಸೇರದೆ ಕಟ್ಟಡದ ಮಾಲೀಕರ ಬಾಡಿಗೆಗೆ ಸೇರುತ್ತದೆ. ಕೆಲಸ ಕಲಿತು ಬರುವವರು ಸಾಲುಗಟ್ಟಿ ನಿಂತಿರುವಾಗ ಕೂಲಿ ಏರುವುದಾದರೂ ಹೇಗೆ?

ಬೆಂಗಳೂರಿನ ಅತ್ಯಂತ ಪ್ರಸಿದ್ಧ ಕ್ಷೌರಿಕ ರಮೇಶ್ ಬಾಬು ಅವರ ಕಥೆಯೂ ಇದನ್ನೇ ಹೇಳುತ್ತದೆ. 1979ರಲ್ಲಿ ತಂದೆ ತೀರಿಕೊಂಡ ನಂತರ ಬ್ರಿಗೇಡ್ ರಸ್ತೆಯ ಅವರ ಅಂಗಡಿಯನ್ನು ದಿನಕ್ಕೆ 5 ರೂಪಾಯಿ ಬಾಡಿಗೆಗೆ ಕೊಟ್ಟು ಕುಟುಂಬ ದಿನ ದೂಡಿತು. ಬೆಳೆದ ಮಗ ಅಂಗಡಿಯನ್ನು ತಾವೇ ವಹಿಸಿಕೊಂಡು, 1990ರ ದಶಕದಲ್ಲಿ ಸಾಲ ಮಾಡಿ ಮಾರುತಿ ವ್ಯಾನ್ ಕೊಂಡು ಬಾಡಿಗೆಗೆ ಬಿಟ್ಟರು. ಮುಂದೆ ಅದು ರೋಲ್ಸ್ ರಾಯ್ಸ್‌ವರೆಗಿನ ಐಷಾರಾಮಿ ಕಾರುಗಳ ಬಾಡಿಗೆ ಉದ್ಯಮವಾಯಿತು. ಆ ಮೇಲೂ ಅವರು ಕತ್ತರಿ ಬಿಡಲಿಲ್ಲ ಎಂಬುದು ಅವರ ದೊಡ್ಡತನ. ಆದರೆ ಸಂಪತ್ತು ಬಂದದ್ದು ಕತ್ತರಿಯಿಂದಲ್ಲ, ಕಾರಿನಿಂದ ಎಂಬುದನ್ನು ಈ ಕಥೆಯನ್ನು ಸ್ಫೂರ್ತಿಗಾಗಿ ಹೇಳುವವರು ಗಮನಿಸುವುದಿಲ್ಲ. ಕತ್ತರಿ ಹಿಡಿದವರು ಕತ್ತರಿಯಿಂದಲೇ ಮೇಲೇರುವ ದಾರಿ ನಮಗೆ ಬೇಕಾಗಿದೆ.

ಆರಂಭಕ್ಕಂತೂ ದಾರಿಗಳು ಧಾರಾಳವಾಗಿವೆ. 1982ರಲ್ಲಿ ಉಜಿರೆಯಲ್ಲಿ ಡಾ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಸಹಯೋಗದಲ್ಲಿ ಹುಟ್ಟಿದ ರುಡ್‌ಸೆಟ್ ಸಂಸ್ಥೆ ದೇಶಕ್ಕೇ ಮಾದರಿಯಾಯಿತು. ಅದರ ಜಾಡಿನಲ್ಲಿ ಸ್ಥಾಪಿತವಾದ ತರಬೇತಿ ಕೇಂದ್ರಗಳಲ್ಲಿ ಬ್ಯೂಟಿ ಪಾರ್ಲರ್ ನಿರ್ವಹಣೆಯನ್ನು ಊಟ ವಸತಿಯೊಡನೆ ಉಚಿತವಾಗಿ ಕಲಿಸಲಾಗುತ್ತದೆ. ಐಟಿಐಗಳಲ್ಲಿ ಕಾಸ್ಮೆಟಾಲಜಿ ಒಂದು ವರ್ಷದ ಮಾನ್ಯತೆ ಪಡೆದ ಶಿಕ್ಷಣ. ಮಹಿಳೆಯರಿಗೆ ಕೌಶಲ ಕಲಿಸುವ ಕೇಂದ್ರ ಸರ್ಕಾರದ ಸಂಸ್ಥೆ ಹೊಸೂರು ರಸ್ತೆಯಲ್ಲಿ, ಬಿಟಿಎಂ ಬಡಾವಣೆಯಿಂದ ಕೂಗಳತೆಯಲ್ಲೇ ಇದೆ.

ಸಾಲಕ್ಕೂ ಕೊರತೆಯಿಲ್ಲ. ಕರ್ನಾಟಕ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ 'ಉದ್ಯೋಗಿನಿ' ಯೋಜನೆಯಲ್ಲಿ 3 ಲಕ್ಷ ರೂಪಾಯಿವರೆಗೆ ಸಾಲವಿದ್ದು, ಸಾಮಾನ್ಯ ವರ್ಗದವರಿಗೆ ಶೇ 30, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 50ರ ಸಹಾಯಧನ ಇದೆ. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯಲ್ಲಿ ಬ್ಯೂಟಿ ಪಾರ್ಲರನ್ನು ಹೆಸರಿಸಿಯೇ ಸೇರಿಸಲಾಗಿದೆ. 50 ಸಾವಿರದವರೆಗಿನ ಸಾಲ 'ಶಿಶು', 5 ಲಕ್ಷದವರೆಗೆ 'ಕಿಶೋರ', 10 ಲಕ್ಷದವರೆಗೆ 'ತರುಣ'. ಸಾಲಗಾರರಲ್ಲಿ ಸುಮಾರು ಮೂರನೇ ಎರಡರಷ್ಟು ಮಹಿಳೆಯರು ಎಂಬುದು ಸಣ್ಣ ಸಾಧನೆಯಲ್ಲ. ಆದರೆ ಈ ಹತ್ತು ವರ್ಷಗಳಲ್ಲಿ ಮಂಜೂರಾದ ಸಾಲಗಳಲ್ಲಿ ಸಂಖ್ಯೆಯ ದೃಷ್ಟಿಯಿಂದ ಬಹುಪಾಲು 'ಶಿಶು'ಗಳೇ. ಅಂಗಡಿಗೆ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ರೂಢಿಯಿರುವ ಈ ಊರಿನಲ್ಲಿ, ತಿಂಗಳಿಗೆ 20 ಸಾವಿರ ಬಾಡಿಗೆಯ ಕೋಣೆಗೆ ಮುಂಗಡವೇ 2 ಲಕ್ಷವಾಗುತ್ತದೆ. ಐವತ್ತು ಸಾವಿರದಲ್ಲಿ ಒಂದು ಕುರ್ಚಿ, ಒಂದು ಕನ್ನಡಿ, ಒಂದಷ್ಟು ಸಾಮಗ್ರಿ ಬರಬಹುದು. ವೃತ್ತಿಜೀವನ ಬರುವುದಿಲ್ಲ.

ಸರ್ಕಾರಿ ಸೇವೆಯಲ್ಲಿದ್ದಾಗ ಸ್ವಯಂ ಉದ್ಯೋಗ ಯೋಜನೆಗಳ ಪ್ರಗತಿ ಪರಿಶೀಲನಾ ಸಭೆಗಳಲ್ಲಿ ನಾನು ಕುಳಿತಿದ್ದೇನೆ. ನಮೂನೆಯಲ್ಲಿ ಎಷ್ಟು ಅರ್ಜಿ, ಎಷ್ಟು ಮಂಜೂರಾತಿ, ಎಷ್ಟು ಬಿಡುಗಡೆ ಎಂಬ ಅಂಕಣಗಳಿರುತ್ತಿದ್ದವು. ಮೂರು ವರ್ಷಗಳ ನಂತರ ಎಷ್ಟು ಅಂಗಡಿಗಳು ತೆರೆದಿವೆ ಎಂಬ ಅಂಕಣ ಇರುತ್ತಿರಲಿಲ್ಲ. ಅಂಕಣವಿಲ್ಲದ್ದನ್ನು ಆಡಳಿತ ಕೇಳುವುದಿಲ್ಲ, ಕೇಳದ್ದನ್ನು ಯಾರೂ ಮಾಡುವುದಿಲ್ಲ. ರುಡ್‌ಸೆಟ್ ಮಾದರಿಯ ವಿಶೇಷವೆಂದರೆ ತರಬೇತಿಯ ನಂತರ ಎರಡು ವರ್ಷ ಅಭ್ಯರ್ಥಿಯ ಬೆನ್ನಿಗೆ ನಿಲ್ಲುವುದು. ಆದರೆ ಕಠಿಣವಾದ ಮೂರನೆಯ ಆಷಾಢ ಆ ಅವಧಿ ಮುಗಿಯುವ ಹೊತ್ತಿಗೇ ಬಾಗಿಲಿಗೆ ಬಂದಿರುತ್ತದೆ.

ಹಾಗಾದರೆ ಎರಡನೆಯ ಮೆಟ್ಟಿಲು ಯಾವುದು? ನನಗೆ ಮೂರು ಕಾಣುತ್ತವೆ.

ಮೊದಲನೆಯದು ವಿಶೇಷ ಪರಿಣತಿ. ಎಲ್ಲರೂ ಮಾಡುವ ಥ್ರೆಡಿಂಗ್, ಫೇಶಿಯಲ್‌ಗಳಲ್ಲಿ ದರ ಏರಿಸಲಾಗದು. ಮೊಗ್ಗಿನ ಜಡೆ ಹೆಣೆಯುವವರು, ಮದುವೆಯ ಸೀರೆಯನ್ನು ಹಿಂದಿನ ದಿನವೇ ನೆರಿಗೆ ಹಿಡಿದು ಸಿದ್ಧಪಡಿಸಿಕೊಡುವವರು, ವಧುವಿನ ಮೈಬಣ್ಣ ಮತ್ತು ಕಲ್ಯಾಣ ಮಂಟಪದ ಬೆಳಕು ಎರಡನ್ನೂ ಅರಿತು ಪ್ರಸಾಧನ ಮಾಡುವವರು ತಮ್ಮ ಬೆಲೆಯನ್ನು ತಾವೇ ಹೇಳಬಲ್ಲರು. ಇಲ್ಲಿಯೂ ಬಾಗಿಲುಗಳು ತಾವಾಗಿ ತೆರೆದಿಲ್ಲ. ಮುಂಬೈ ಚಿತ್ರರಂಗದ ಪ್ರಸಾಧನ ಕಲಾವಿದರ ಸಂಘ ದಶಕಗಳ ಕಾಲ ಮಹಿಳೆಯರಿಗೆ ಕೇಶವಿನ್ಯಾಸಕ್ಕೆ ಮಾತ್ರ ಅವಕಾಶ ಕೊಟ್ಟು, ಮೇಕಪ್ ಕಲಾವಿದರ ಸದಸ್ಯತ್ವ ನಿರಾಕರಿಸಿತ್ತು. ಚಾರು ಖುರಾನಾ ಮತ್ತು ಸಂಗಡಿಗರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಈ ನಿರ್ಬಂಧವನ್ನು ತೊಡೆದುಹಾಕಿದ್ದು 2014ರ ನವೆಂಬರ್‌ನಲ್ಲಿ. ನಟಿಯ ಮುಖಕ್ಕೆ ಬಣ್ಣ ಹಚ್ಚಲು ಹೆಣ್ಣಿಗೆ ದೇಶದ ಅತ್ಯುನ್ನತ ನ್ಯಾಯಾಲಯದ ಅನುಮತಿ ಬೇಕಾಯಿತು!

ಎರಡನೆಯದು ಗಿರಾಕಿಯ ಮೇಲಿನ ಹಿಡಿತ. ಈ ಉದ್ಯಮದಲ್ಲಿ ನಿಜವಾದ ಆಸ್ತಿ ಕುರ್ಚಿಯಲ್ಲ, ಕನ್ನಡಿಯಲ್ಲ. ಆಕೆಯೇ ಬೇಕು ಎಂದು ಮರಳಿ ಬರುವ ಗಿರಾಕಿ. ಸರಣಿ ಸಲೂನಿನಲ್ಲಿ ಗಿರಾಕಿಯ ಪುಸ್ತಕ ಮಾಲೀಕರದು. ಆ್ಯಪ್‌ಗಳಲ್ಲಿ ಅದು ಕಂಪನಿಯದು. 2014ರಲ್ಲಿ ಆರಂಭವಾದ ಅರ್ಬನ್ ಕಂಪನಿ 2025ರ ಸೆಪ್ಟೆಂಬರ್‌ನಲ್ಲಿ ಷೇರುಪೇಟೆಗೆ ಕಾಲಿಟ್ಟಿತು. ಇಂತಹ ವೇದಿಕೆಗಳಿಂದ ಅಂಗಡಿಯ ಮುಂಗಡ, ಬಾಡಿಗೆಗಳ ಹೊರೆಯಿಲ್ಲದೆ ದುಡಿಯುವ ಅವಕಾಶ ಅನೇಕ ಹೆಣ್ಣುಮಕ್ಕಳಿಗೆ ಸಿಕ್ಕಿದೆ ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಅದೇ ಕಂಪನಿಯ ಮಹಿಳಾ ಕೆಲಸಗಾರರು 2021ರಲ್ಲಿ ಗುರುಗ್ರಾಮದಲ್ಲಿ ಕಮಿಷನ್ ಮತ್ತು ಷರತ್ತುಗಳ ವಿರುದ್ಧ ಬೀದಿಗಿಳಿಯಬೇಕಾಯಿತು. ರೇಟಿಂಗ್ ಕುಸಿದು ಖಾತೆ ಮುಚ್ಚಿದರೆ ವರ್ಷಗಳ ಗಿರಾಕಿಗಳು ಒಂದೇ ದಿನದಲ್ಲಿ ಇಲ್ಲವಾಗುತ್ತಾರೆ.

ಈ ವಿಷಯದಲ್ಲಿ ಕರ್ನಾಟಕ 2025ರಲ್ಲಿ ಜಾರಿಗೆ ತಂದ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತಾ ಕಾಯ್ದೆ ಮೆಚ್ಚತಕ್ಕ ಹೆಜ್ಜೆ. ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಸಲ್ಲುವ ಮೊತ್ತದ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ವಿಧಿಸಲು ಅದು ಅವಕಾಶ ಕೊಡುತ್ತದೆ. ಸಾಮಾನ್ಯವಾಗಿ 14 ದಿನಗಳ ಮುನ್ಸೂಚನೆ ಮತ್ತು ಲಿಖಿತ ಕಾರಣವಿಲ್ಲದೆ ಕೆಲಸದಿಂದ ತೆಗೆಯುವಂತಿಲ್ಲ ಎನ್ನುತ್ತದೆ. ಪಾರ್ಲರುಗಳಲ್ಲಿ ದುಡಿಯುವವರೂ ತಿಳಿದಿರಬೇಕಾದ ಒಂದು ಸಂಗತಿಯಿದೆ. ಕೆಲಸ ಬಿಟ್ಟ ಮೇಲೆ ಹತ್ತಿರದಲ್ಲಿ ಬೇರೆಡೆ ಕೆಲಸ ಮಾಡಬಾರದು ಎಂದು ಬರೆಸಿಕೊಳ್ಳುವ ಷರತ್ತು 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಊರ್ಜಿತವಲ್ಲ.

ಮೂರನೆಯ ಮೆಟ್ಟಿಲು ಆರೋಗ್ಯ. ಇಪ್ಪತ್ತರಲ್ಲಿ ಆರಂಭಿಸಿದವಳು ಐವತ್ತರಲ್ಲೂ ನಿಂತು ದುಡಿಯಬಲ್ಲಳೇ? ದಿನವಿಡೀ ನಿಂತು ಕಾಲಿನ ನರಗಳು ಉಬ್ಬುತ್ತವೆ, ಬಣ್ಣ, ಬ್ಲೀಚುಗಳಿಂದ ಕೈಯ ಚರ್ಮ ಒಡೆಯುತ್ತದೆ. ಕೂದಲು ನೇರಗೊಳಿಸುವ ಕೆಲವು ಸಾಮಗ್ರಿಗಳು ಕಾಯಿಸಿದಾಗ ಫಾರ್ಮಾಲ್ಡಿಹೈಡ್ ಅನಿಲ ಬಿಡುತ್ತವೆ. ಇದು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿದೆ. ಕೇಶವಿನ್ಯಾಸಕಾರರ ವೃತ್ತಿಯನ್ನೇ ಅದು 'ಬಹುಶಃ ಕ್ಯಾನ್ಸರ್‌ಕಾರಕ' ಪಟ್ಟಿಯಲ್ಲಿ ಸೇರಿಸಿದೆ. ಗಿರಾಕಿ ಒಂದು ಗಂಟೆ ಉಸಿರಾಡುವ ಗಾಳಿಯನ್ನು ಆಕೆ ವರ್ಷಗಟ್ಟಲೆ ಉಸಿರಾಡುತ್ತಾಳೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಂತೆ ಇಎಸ್‌ಐ ಸೌಲಭ್ಯ ಕಡ್ಡಾಯವಾಗಿರುವುದು ಹತ್ತು ಅಥವಾ ಹೆಚ್ಚು ನೌಕರರಿರುವಲ್ಲಿ. ನಾಲ್ಕೈದು ಜನರ ಪಾರ್ಲರುಗಳು ಸ್ವಇಚ್ಛೆಯಿಂದ ಸೇರಬಹುದಷ್ಟೆ.

ಇವೆಲ್ಲದರ ಜೊತೆಗೆ ಹೆಸರಿನ ಪ್ರಶ್ನೆಯೊಂದಿದೆ. 2020ರ ಲಾಕ್‌ಡೌನ್ ಕಾಲದಲ್ಲಿ ರಾಜ್ಯ ಸರ್ಕಾರ ಸುಮಾರು 2.30 ಲಕ್ಷ ಕ್ಷೌರಿಕರಿಗೆ ತಲಾ 5 ಸಾವಿರ ರೂಪಾಯಿ ಪರಿಹಾರ ಪ್ರಕಟಿಸಿತು. ಅದು ನ್ಯಾಯವಾದ ನೆರವು. 2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲೂ ಕ್ಷೌರಿಕರಿದ್ದಾರೆ. ಅವರಿಗೆ 15 ಸಾವಿರ ರೂಪಾಯಿಯ ಉಪಕರಣಗಳು, ಶೇ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಆಮೇಲೆ 2 ಲಕ್ಷ ಸಾಲ ಸಿಗುತ್ತದೆ. ಆ ಹದಿನೆಂಟರ ಪಟ್ಟಿಯಲ್ಲಿ ಬ್ಯೂಟಿಷಿಯನ್ ಎಂಬ ಹೆಸರಿಲ್ಲ. ಸರ್ಕಾರದ ಉದ್ಯೋಗ ವರ್ಗೀಕರಣದಲ್ಲಿ ಆಕೆಗೆ 5142 ಎಂಬ ಸಂಖ್ಯೆಯಿದೆ. ಆಕೆ ಸಾಲದ ಕಡತದಲ್ಲಿ ಉದ್ಯಮಿ, ಕಸುಬುದಾರರ ಪಟ್ಟಿಯಲ್ಲಿ ಯಾರೂ ಅಲ್ಲ.

ಒಂದು ಒಳ್ಳೆಯ ಬದಲಾವಣೆಯನ್ನೂ ಹೇಳಬೇಕು. 2025ರ ಸೆಪ್ಟೆಂಬರ್ 22ರಿಂದ ಸಲೂನು, ಪಾರ್ಲರ್ ಸೇವೆಗಳ ಮೇಲಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿಯಿತು. ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟದ ಸಣ್ಣ ಪಾರ್ಲರಿಗೆ ಇದು ಅನ್ವಯವಾಗದಿದ್ದರೂ, ಆ ಗೆರೆ ದಾಟಿ ಬೆಳೆಯಬೇಕೆನ್ನುವವಳಿಗೆ ಇದ್ದ ಭಯ ಕಡಿಮೆಯಾಗಿದೆ. ಬಾಡಿಗೆಯಂತಹ ಖರ್ಚಿನ ಮೇಲೆ ತೆತ್ತ ತೆರಿಗೆಯನ್ನು ಹಿಂಪಡೆಯುವ ಅವಕಾಶ ಇಲ್ಲವಾಗಿರುವುದು ಇದರ ಇನ್ನೊಂದು ಮುಖ.

ಮಾಡಬೇಕಾದದ್ದು ದೊಡ್ಡ ಕ್ರಾಂತಿಯೇನಲ್ಲ. ಸ್ವಯಂ ಉದ್ಯೋಗ ಯೋಜನೆಗಳ ಪ್ರಗತಿ ವರದಿಯಲ್ಲಿ 'ಮೂರನೆಯ ವರ್ಷ ನಡೆಯುತ್ತಿರುವ ಘಟಕಗಳು' ಎಂಬ ಒಂದು ಅಂಕಣ ಸೇರಿಸಬೇಕು. 'ಶಿಶು' ಸಾಲ ಸರಿಯಾಗಿ ತೀರಿಸಿದವರಿಗೆ ಮೇಲಿನ ಹಂತದ ಸಾಲ ತಾನಾಗಿ ಸಿಗುವಂತಾಗಬೇಕು. ಕಂತುಗಳನ್ನು ಮದುವೆಯ ಕಾಲದಲ್ಲಿ ಹೆಚ್ಚು, ಆಷಾಢದಲ್ಲಿ ಕಡಿಮೆ ಎಂದು ನಿಗದಿ ಮಾಡಬಹುದು. ರೈತನ ಸಾಲಕ್ಕೆ ಸುಗ್ಗಿಯ ಲೆಕ್ಕ ಹಿಡಿಯುವ ಬ್ಯಾಂಕುಗಳಿಗೆ ಇದು ಹೊಸದಲ್ಲ. ಹತ್ತು ವರ್ಷ ದುಡಿದೂ ಪ್ರಮಾಣಪತ್ರವಿಲ್ಲದವರಿಗೆ ಪೂರ್ವ ಕಲಿಕೆಯ ಮಾನ್ಯತೆ ಕೊಡುವ ವ್ಯವಸ್ಥೆ ಕೌಶಲ ಯೋಜನೆಯಲ್ಲಿ ಈಗಾಗಲೇ ಇದೆ. ಅದನ್ನು ಜಯನಗರ, ಬನಶಂಕರಿಯ ಅಡ್ಡರಸ್ತೆಗಳಿಗೆ ತರಬೇಕು. ಕಸುಬುದಾರರ ಪಟ್ಟಿಗೆ ಬ್ಯೂಟಿಷಿಯನ್ ಹೆಸರು ಸೇರಬೇಕು.

ಈ ವೃತ್ತಿಗೆ ಬರಬೇಕೆನ್ನುವ ಹುಡುಗ ಹುಡುಗಿಯರಿಗೆ, ಅವರ ತಂದೆ ತಾಯಿಯರಿಗೆ ನನ್ನದು ಇಷ್ಟೇ ಮಾತು. ಇದನ್ನು ಬೇರೇನೂ ಸಿಗದವರ ಕೆಲಸವೆಂದು ಭಾವಿಸಬೇಡಿ. ಆದರೆ ಮೂರು ತಿಂಗಳ ಕೋರ್ಸಿನ ಜಾಹೀರಾತನ್ನೂ ನಂಬಬೇಡಿ. ಮಾನ್ಯತೆ ಪಡೆದ ಕಡೆ ಕಲಿಯಿರಿ. ಸ್ವಂತ ಅಂಗಡಿಗೆ ಮೊದಲು ಮೂರು ನಾಲ್ಕು ವರ್ಷ ಇನ್ನೊಬ್ಬರ ಬಳಿ ದುಡಿಯಿರಿ, ಲೆಕ್ಕ ಬರೆಯುವುದನ್ನು ಕಲಿಯಿರಿ. ಒಂದು ವಿಷಯದಲ್ಲಾದರೂ ಬಡಾವಣೆಗೆ ನೀವೇ ಬೇಕೆನ್ನುವಷ್ಟು ಪಳಗಿರಿ. ಒಂದು ಆಷಾಢದ ಬಾಡಿಗೆಯನ್ನು ಬೇರೆಯಾಗಿ ಎತ್ತಿಟ್ಟ ನಂತರವೇ ಬೋರ್ಡು ಬರೆಸಿ.

ಇನ್ನು ನಮ್ಮಂತಹ ಗಿರಾಕಿಗಳು. ಗಾಜಿನ ಬಾಗಿಲಿನ ಸಲೂನಿನಲ್ಲಿ ಬಿಲ್ಲು ನೋಡದೆ ಕಾರ್ಡ್ ಕೊಡುವ ನಾವು, ಅಡ್ಡರಸ್ತೆಯ ಪಾರ್ಲರಿನಲ್ಲಿ ಹತ್ತು ರೂಪಾಯಿಗೆ ಚೌಕಾಶಿ ಮಾಡುತ್ತೇವೆ. ಮನೆಯ ಮದುವೆಗೆ ಹೂವಿನವರಿಗೂ ಅಡುಗೆಯವರಿಗೂ ಮುಂಗಡ ಕೊಟ್ಟು, ವಧುವನ್ನು ಸಿಂಗರಿಸಿದವಳ ಹಣವನ್ನು 'ಆಮೇಲೆ ನೋಡೋಣ' ಎಂದು ಮುಂದೂಡುತ್ತೇವೆ. ಇದಕ್ಕೆ ಸರ್ಕಾರದ ಯೋಜನೆಯೇನೂ ಬೇಕಿಲ್ಲ. ಹೇಳಿದ ದರವನ್ನು ಹೇಳಿದ ದಿನ ಕೊಟ್ಟರೆ ಸಾಕು. ಆಷಾಢದಲ್ಲೂ ಒಮ್ಮೆ ಆ ಪರದೆ ಸರಿಸಿ ಒಳಗೆ ಹೋದರೆ ಇನ್ನೂ ಒಳ್ಳೆಯದು.